ಕಾನೂನು ನೆರವಿನ ಹಣಕಾಸು (ಕಲಬುರಗಿ ಜಿಲ್ಲೆ)

ಕಲಬುರಗಿ ಜಿಲ್ಲೆಯಲ್ಲಿ ಬಡವರ ಹಕ್ಕಿನ ಮೊಕದ್ದಮೆಗಳಿಗೆ ಉಚಿತ ನೆರವು ನೀಡುವ ಸಂಸ್ಥೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ. ಇದಕ್ಕೆ ಆಧಾರವಾದ 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಅಧಿನಿಯಮವು 1995ರ ನವೆಂಬರ್ 9ರಂದು ಜಾರಿಗೆ ಬಂದಿತು. ಅದರ 12ನೆಯ ಕಲಮಿನಂತೆ ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಬಂಧನದಲ್ಲಿರುವವರು ಆದಾಯ ಎಷ್ಟೇ ಇದ್ದರೂ ನೆರವಿಗೆ ಅರ್ಹರು.

ಇದರ ವೆಚ್ಚವನ್ನು ಜಿಲ್ಲಾ ಕಾನೂನು ನೆರವು ನಿಧಿ ಭರಿಸುತ್ತದೆ. 17ನೆಯ ಕಲಮಿನ ಪ್ರಕಾರ ಈ ನಿಧಿಗೆ ರಾಜ್ಯ ಪ್ರಾಧಿಕಾರದ ಅನುದಾನವಲ್ಲದೆ ಯಾರು ಬೇಕಾದರೂ ದೇಣಿಗೆ ನೀಡಬಹುದು. ಆದರೆ ಅದಕ್ಕೆ ರಾಜ್ಯ ಪ್ರಾಧಿಕಾರದ ಪೂರ್ವಾನುಮೋದನೆ ಅಗತ್ಯ. ತಾಲ್ಲೂಕು ಸಮಿತಿಗಳಿಗೆ ಅಧಿನಿಯಮವು ಪ್ರತ್ಯೇಕ ನಿಧಿಯನ್ನು ಕಲ್ಪಿಸಿಲ್ಲ. ಕಲಬುರಗಿ ತಾಲ್ಲೂಕಿನಿಂದ ಬೇರ್ಪಟ್ಟು ಹೊಸ ತಾಲ್ಲೂಕಾದ ಕಮಲಾಪುರದಂತಹ ಕಡೆಯ ಕೆಲಸಕ್ಕೂ ಜಿಲ್ಲಾ ನಿಧಿಯೇ ಆಧಾರ.

ಸರ್ಕಾರದ ನೀತಿಯನ್ನೇ ಪ್ರಶ್ನಿಸುವ ಅರ್ಜಿಗಳು ಮಾತ್ರ ಹೆಚ್ಚಾಗಿ ಸಂಘಟನೆಗಳ ಪಾಲಿಗೆ ಬರುತ್ತವೆ. 1976ರಲ್ಲಿ ಜಯಪ್ರಕಾಶ ನಾರಾಯಣರ ಮುಂದಾಳತ್ವದಲ್ಲಿ ಆರಂಭವಾದ ಪೀಪಲ್ಸ್ ಯೂನಿಯನ್ ಫಾರ್ ಸಿವಿಲ್ ಲಿಬರ್ಟೀಸ್, ಧನಸಹಾಯ ಸಂಸ್ಥೆಗಳ ಅನುದಾನ ಪಡೆಯದೆ ಸದಸ್ಯರ ವಂತಿಗೆಯಿಂದ ನಡೆಯುತ್ತದೆ. ಅದು ಹೂಡಿದ ಆಹಾರದ ಹಕ್ಕಿನ ಅರ್ಜಿಯಲ್ಲಿ ಸುಪ್ರೀಂ ಕೋರ್ಟ್ 2001ರ ನವೆಂಬರ್ 28ರಂದು ಶಾಲೆಗಳಲ್ಲಿ ಬೇಯಿಸಿದ ಊಟ ನೀಡಬೇಕೆಂದು ಆದೇಶಿಸಿತು. ಕರ್ನಾಟಕದಲ್ಲಿ 2002ರಲ್ಲಿ ಬಿಸಿಯೂಟ ಮೊದಲು ಆರಂಭವಾದ ಏಳು ಜಿಲ್ಲೆಗಳಲ್ಲಿ ಅಂದಿನ ಗುಲ್ಬರ್ಗಾ ಸಹ ಒಂದು.

ವಿದೇಶಿ ದೇಣಿಗೆಯ ನಿಯಮಗಳು ಇನ್ನೂ ಬಿಗಿಯಾಗಿವೆ. ವಿದೇಶಿ ವಂತಿಗೆ (ನಿಯಂತ್ರಣ) ಅಧಿನಿಯಮದ 2020ರ ತಿದ್ದುಪಡಿಯು, ಒಂದು ಸಂಸ್ಥೆ ಪಡೆದ ವಿದೇಶಿ ಹಣವನ್ನು ಬೇರೊಂದು ಸಂಸ್ಥೆಗೆ ವರ್ಗಾಯಿಸುವುದನ್ನು ನಿಷೇಧಿಸಿದೆ. ಬೆಂಗಳೂರಿನ ದೊಡ್ಡ ಸಂಸ್ಥೆಯೊಂದು ಅಂತಹ ಹಣವನ್ನು ಕಲಬುರಗಿಯ ಸಣ್ಣ ಸಂಸ್ಥೆಯೊಂದಕ್ಕೆ ಹಂಚುವ ದಾರಿ ಇದರಿಂದ ಮುಚ್ಚಿತು.