ಮೂಸಿ ನದಿಯಿಂದ ಎನ್‌ಎ ಪ್ಲಾಟಿನವರೆಗೆ

ಬೀದರ್ ಜಿಲ್ಲೆಯ ಹುಮನಾಬಾದ್, ಹುಡಗಿ ಊರುಗಳ ಕಡೆ ಜಾಗ ಕೊಳ್ಳಲು ಹೋದವರು ಮೊದಲು ಕೇಳುವುದು, "ಪ್ಲಾಟು ಎನ್‌ಎ ಆಗೇದೇನ್ರಿ?" ಹೊಲವು ಮನೆ ಕಟ್ಟುವ ಜಾಗವೆಂದು ದಾಖಲೆಯಲ್ಲಿ ಬದಲಾಗಿದೆಯೇ ಎಂಬುದಷ್ಟೇ ಅದರ ಅರ್ಥ. ಮಳೆ ಬಂದರೆ ನೀರು ಎತ್ತ ಹರಿಯುತ್ತದೆ ಎಂದು ಕೇಳುವವರು ಕಡಿಮೆ. ಆದರೆ ನಮ್ಮ ಸೀಮೆಯಲ್ಲಿ ನಗರ ಯೋಜನೆ ಬೆಳೆದದ್ದೇ ನೀರಿನ ಪ್ರಶ್ನೆಯಿಂದ.

15ನೇ ಶತಮಾನದಲ್ಲಿ ಬಹಮನಿ ಸುಲ್ತಾನರು ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ತಂದರು. ಅಲ್ಲಿ ಪರ್ಷಿಯಾದ ವಿದ್ಯೆ ಬಳಸಿ, ಕೆಂಪು ಮುರಕಲ್ಲಿನ ನೆಲದಡಿ ಸುರಂಗ ಕೊರೆದು ಅಂತರ್ಜಲ ಹರಿಸಿದರು. ಅದೇ ಕರೇಜ್. ನೌಬಾದಿನಲ್ಲಿ ಬಾವಿಯಂಥ ಅದರ ಗಾಳಿಕಿಂಡಿಗಳು ಇಂದಿಗೂ ಇವೆ. ಇಳಿಜಾರನ್ನು ಅಳೆದು ಅಗೆದವರ ಹೆಸರು ನಮಗೆ ಉಳಿದಿಲ್ಲ.

ಹೆಸರು ಉಳಿದದ್ದು ಐದು ಶತಮಾನದ ಬಳಿಕ ಬಂದವರದು. 1908ರ ಸೆಪ್ಟೆಂಬರ್ 28ರಂದು ಮೂಸಿ ನದಿ ಉಕ್ಕಿ ಹೈದರಾಬಾದನ್ನು ಕೊಚ್ಚಿಕೊಂಡು ಹೋಯಿತು. ಆಗ ನಿಜಾಮರ ಆಳ್ವಿಕೆಯಲ್ಲಿದ್ದ ನಮಗೂ ಅದೇ ರಾಜಧಾನಿ. ಅಫ್ಜಲ್‌ಗಂಜ್ ಆಸ್ಪತ್ರೆಯ ಅಂಗಳದಲ್ಲಿದ್ದ ಹುಣಸೆಮರ ಹತ್ತಿ ಸುಮಾರು 150 ಜನ ಜೀವ ಉಳಿಸಿಕೊಂಡರೆಂದು ಹೇಳುತ್ತಾರೆ. ಮರ ಈಗಲೂ ಅಲ್ಲೇ ಇದೆ. ಮರುವರ್ಷ ನಿಜಾಮರ ಕರೆಯ ಮೇಲೆ ಮುದ್ದೇನಹಳ್ಳಿಯ ಮೋಕ್ಷಗುಂಡಂ ವಿಶ್ವೇಶ್ವರಯ್ಯ ಬಂದರು. ಅವರು ನಗರದೊಳಗಿನ ನದಿಯನ್ನಷ್ಟೇ ನೋಡಿ ಸುಮ್ಮನಾಗಲಿಲ್ಲ. ಮೇಲಿನ ಹಳ್ಳಿಗಳ ಕೆರೆಗಳನ್ನು ಎಣಿಸಿದರು. ಮೂಸಿಯ ಜಲಾನಯನದಲ್ಲಿದ್ದ 788 ಕೆರೆಗಳಲ್ಲಿ 221 ಒಡೆದಿದ್ದವು. ಒಂದರ ಕಟ್ಟೆ ಒಡೆದು, ಆ ನೀರು ಕೆಳಗಿನ ಕೆರೆಗೆ ನುಗ್ಗಿ, ಅದೂ ಒಡೆದಿತ್ತು. ನನ್ನ ಮಟ್ಟಿಗೆ ಈ ಎಣಿಕೆಯೇ ಅವರ ಅತಿ ದೊಡ್ಡ ಕೆಲಸ. ಊರಿನ ಅನಾಹುತಕ್ಕೆ ಕಾರಣವನ್ನು ಊರ ಹೊರಗೆ ಹುಡುಕುವ ಕಣ್ಣು ಅದು. ಅವರ ಸಲಹೆಯಂತೆ ನಗರದ ಮೇಲ್ಗಡೆ ಉಸ್ಮಾನ್ ಸಾಗರ 1920ರಲ್ಲಿ, ಹಿಮಾಯತ್ ಸಾಗರ 1927ರಲ್ಲಿ ಮುಗಿದವು. ಅದಕ್ಕೂ ಮೊದಲೇ, 1912ರಲ್ಲಿ, ಹೈದರಾಬಾದಿಗೆ ನಗರ ಸುಧಾರಣಾ ಮಂಡಳಿಯೂ ಬಂತು.

ಹಳೆಯ ಮೈಸೂರು ಸೀಮೆಯಲ್ಲಿ ನಗರ ಯೋಜನೆಗೆ ದೂಡಿದ್ದು ರೋಗ. 1898ರ ಪ್ಲೇಗಿನ ಹೊಡೆತದಲ್ಲಿ ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರ ಬೆಳೆದವು. 1903ರಲ್ಲಿ ಮೈಸೂರಿಗೆ ಸುಧಾರಣಾ ಟ್ರಸ್ಟ್ ಬಂತು. ಹಿಟ್ಲರನ ಜರ್ಮನಿ ಬಿಟ್ಟು ಬಂದ ಓಟ್ಟೊ ಕೋನಿಗ್ಸ್‌ಬರ್ಗರ್ 1939ರಿಂದ ಸಂಸ್ಥಾನದ ಮುಖ್ಯ ವಾಸ್ತುಶಿಲ್ಪಿಯಾಗಿ ಭದ್ರಾವತಿಗೂ ನಕ್ಷೆ ಬರೆದರು. ಆಮೇಲೆ 1961ರ ಪಟ್ಟಣ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ, 1976ರಲ್ಲಿ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ.

ನಮ್ಮ ಭಾಗಕ್ಕೆ ಯೋಜನೆ ತಡವಾಗಿ, ತುಂಡುತುಂಡಾಗಿ ಬಂದಿದೆ. 2005ರಲ್ಲಿ ಬಸವಕಲ್ಯಾಣ ಅಭಿವೃದ್ಧಿ ಮಂಡಳಿ ಹುಟ್ಟಿತು. ಅದರ ಕಣ್ಣು ಶರಣರ ನೆಲೆಗಳ ಮೇಲೆ, ಅದು ಬೇಕಾದ್ದೇ. 2017ರಲ್ಲಿ ಹುಮನಾಬಾದಿನ ಮೇಲೆ ಬೀದರ್–ಕಲಬುರಗಿ ರೈಲು ಓಡತೊಡಗಿತು. ಪುಣೆ–ಹೈದರಾಬಾದ್ ಹೆದ್ದಾರಿ ಮೊದಲೇ ಇತ್ತು. ಹೀಗಿರುವಾಗ ಸುತ್ತಲಿನ ತೊಗರಿ ಹೊಲಗಳಲ್ಲಿ ಕಲ್ಲು ನೆಟ್ಟು ಪ್ಲಾಟು ಮಾಡುವುದು ನಿಲ್ಲುವುದಿಲ್ಲ, ನಿಲ್ಲಬೇಕೆಂದೂ ನಾನು ಹೇಳುವುದಿಲ್ಲ. ಆದರೆ ಕಂದಾಯ ಇಲಾಖೆಯ ಗ್ರಾಮ ನಕಾಶೆಯಲ್ಲಿ ಹಳ್ಳಕ್ಕೊಂದು ಗೆರೆ ಇರುತ್ತದೆ. ಲೇಔಟಿಗೆ ಸಹಿ ಹಾಕುವ ಮುನ್ನ, ಒಂದು ಜೋರು ಮಳೆ ಬಿದ್ದ ಮರುದಿನ ಆ ಗೆರೆ ಹಿಡಿದು ನಡೆದು ನೋಡುವ ಅಧಿಕಾರಿಯೊಬ್ಬರು ಹುಡಗಿಗೆ ಬೇಕು.