ಜಲದುರ್ಗದ ಒಂದು ಛಾಯಾಚಿತ್ರ

ಮೊನ್ನೆ ಹಳೆಯ ಟ್ರಂಕನ್ನು ತೆರೆದಾಗ ಕಪ್ಪು-ಬಿಳುಪಿನ ಛಾಯಾಚಿತ್ರವೊಂದು ದೊರೆಯಿತು. 1988ರ ಡಿಸೆಂಬರ್ ತಿಂಗಳ ರಜೆಯಲ್ಲಿ ಸಿಂಧನೂರಿನಿಂದ ವಿದ್ಯಾರ್ಥಿಗಳೊಡನೆ ಲಿಂಗಸುಗೂರು ತಾಲ್ಲೂಕಿನ ಜಲದುರ್ಗಕ್ಕೆ ಹೋಗಿದ್ದೆನು. ಕೃಷ್ಣಾ ನದಿಯ ನಡುಗಡ್ಡೆಯ ಮೇಲಿರುವ ಈ ಕೋಟೆಯು ಬಿಜಾಪುರದ ಆದಿಲ್‌ಶಾಹಿಗಳ ಆಳ್ವಿಕೆಯನ್ನು ಕಂಡಿದೆ. ಈ ಭಾಗದಲ್ಲಿ ಕೃಷ್ಣೆಯು ಸುಮಾರು ಮೂರು ಮೈಲಿಗಳೊಳಗೆ 400 ಅಡಿಗಳಷ್ಟು ಕೆಳಗಿಳಿಯುತ್ತಾಳೆ.

ಎರವಲು ತಂದ ಕ್ಯಾಮೆರಾದ ರೀಲಿನಲ್ಲಿ 36 ಚಿತ್ರಗಳಿಗೆ ಮಾತ್ರ ಅವಕಾಶ. ಕೋಟೆಗೋಡೆ, ಬುರುಜು, ನದಿಯ ನೋಟಗಳಿಗೇ 35 ಮುಗಿದವು. ಕೊನೆಯದರಲ್ಲಿ, ಬಂಡೆಯಿಂದ ಬಂಡೆಗೆ ಹಾರುತ್ತಿದ್ದ ಹುಡುಗನೊಬ್ಬನನ್ನು ಸೆಕೆಂಡಿನ 500ರಲ್ಲಿ ಒಂದು ಭಾಗದ ವೇಗದಲ್ಲಿ ಸೆರೆಹಿಡಿದೆನು. ಚಿತ್ರ ಸ್ಪಷ್ಟವಾಗಿದೆ. ಆದರೆ ಅವನ ಹೆಸರು ನೆನಪಾಗುತ್ತಿಲ್ಲ; ಹಿಂಬದಿಯಲ್ಲಿ ಬರೆದಿಟ್ಟಿಲ್ಲ.

ಇತಿಹಾಸದ ಶಿಕ್ಷಕನಿಗೆ ಇದು ಶೋಭಿಸದ ಲೋಪ. ಮಸ್ಕಿಯ ಪಾಠವನ್ನು ನಾನೇ ನಿಮಗೆ ಹೇಳಿದ್ದೆನಲ್ಲವೇ? ಅಲ್ಲಿಯವರೆಗೆ ತಿಳಿದಿದ್ದ ಶಾಸನಗಳಲ್ಲಿ ‘ದೇವಾನಾಂಪ್ರಿಯ’, ‘ಪ್ರಿಯದರ್ಶಿ’ ಎಂಬ ಬಿರುದುಗಳಿದ್ದವೇ ಹೊರತು ಅರಸನ ಹೆಸರಿರಲಿಲ್ಲ. ಸಿಂಹಳದ ಗ್ರಂಥಗಳ ಆಧಾರದಿಂದ ಆತನು ಅಶೋಕನೆಂದು ವಿದ್ವಾಂಸರು ತರ್ಕಿಸಿದ್ದರು. 1915ರಲ್ಲಿ ಗಣಿ ಎಂಜಿನಿಯರ್ ಸಿ. ಬೀಡನ್ ಮಸ್ಕಿಯಲ್ಲಿ ಪತ್ತೆಹಚ್ಚಿದ ಬಂಡೆಯ ಮೇಲೆ ‘ಅಶೋಕ’ ಎಂಬ ಹೆಸರೇ ಇತ್ತು. ತರ್ಕವು ನಿಶ್ಚಯವಾಯಿತು. ಒಂದು ಹೆಸರಿನ ಬೆಲೆ ಅಷ್ಟು.

ಪ್ರಿಯ ವಿದ್ಯಾರ್ಥಿಗಳೇ, ಇಂದು ನಿಮ್ಮ ಮೊಬೈಲುಗಳಲ್ಲಿ ಸಾವಿರಾರು ಚಿತ್ರಗಳಿವೆ. ಅವುಗಳೊಡನೆ ಹೆಸರು, ಊರು, ವರ್ಷಗಳನ್ನು ಬರೆದಿಡಿ. ಅಂದು ಜಲದುರ್ಗದಲ್ಲಿ ಬಂಡೆ ಹಾರಿದವನು ನಿಮ್ಮಲ್ಲೊಬ್ಬನಾಗಿದ್ದರೆ ದಯವಿಟ್ಟು ತಿಳಿಸಿ. ಚಿತ್ರದ ಹಿಂದೆ ಹೆಸರು ಬರೆಯಲು ಜಾಗ ಇನ್ನೂ ಖಾಲಿ ಇದೆ.