ಮರಳಿ ಬಾರದ ಉಗಿ: ಆದವಾನಿ ಸೀಮೆಯ ರೈಲುದಾರಿಯೂ ಅದರ ನೀರೂ

ಮದರಾಸಿನಿಂದ ವಾಯವ್ಯಾಭಿಮುಖವಾಗಿ ಹೊರಟ ಮದರಾಸು ರೈಲ್ವೆಯ ದಾರಿಯು ಕಡಪೆ, ಗುತ್ತಿ, ಗುಂತಕಲ್ಲುಗಳನ್ನು ದಾಟಿ, ಆಸ್ಪರಿ, ಆದವಾನಿ, ಕೋಸಿಗಿಗಳ ಎರೆಭೂಮಿಯನ್ನು ಹಾಯ್ದು, ಸೇತುವೆಯ ಮೇಲೆ ತುಂಗಭದ್ರೆಯನ್ನು ಉತ್ತರಿಸಿ, 1871ರಲ್ಲಿ ರಾಯಚೂರಿನಲ್ಲಿ ಬೊಂಬಾಯಿಯ ಕಡೆಯಿಂದ ಬಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯ ಹಳಿಗಳನ್ನು ಕೂಡಿಕೊಂಡಿತು. ಪೂರ್ವ ಪಶ್ಚಿಮ ಸಮುದ್ರತೀರಗಳ ಎರಡು ಮಹಾನಗರಗಳಿಗೆ ಅಂದಿನಿಂದ ಅಖಂಡವಾದ ಉಗಿಬಂಡಿಯ ಸಂಬಂಧವುಂಟಾಯಿತು. ಈ ದಾರಿಯು ಆದವಾನಿಯ ಅರಳೆಯನ್ನು ಬಂದರಿಗೆ ಮುಟ್ಟಿಸಿದ ಕಥೆಯನ್ನೂ, ಕ್ಷಾಮಕಾಲದಲ್ಲಿ ಧಾನ್ಯವನ್ನು ಒಳನಾಡಿಗೆ ತಂದ ಕಥೆಯನ್ನೂ ಬಲ್ಲವರು ಅನೇಕರಿದ್ದಾರೆ. ಆದರೆ ಆ ಬಂಡಿಗಳನ್ನು ಎಳೆದ ಎಂಜಿನ್ನುಗಳು ಮಳೆಯಿಲ್ಲದ ಸೀಮೆಯಲ್ಲಿ ಏನನ್ನು ಕುಡಿದು ಬದುಕಿದುವು, ಕುಡಿದ ನೀರನ್ನು ಎಲ್ಲಿ ಬಿಟ್ಟುವು, ಬಿಟ್ಟುದನ್ನು ಮರಳಿ ಹಿಡಿದುಕೊಳ್ಳುವ ಉಪಾಯವು ಲೋಕದಲ್ಲಿ ಇದ್ದಾಗಲೂ ಅದು ಈ ದಾರಿಗೆ ಏಕೆ ಬರಲಿಲ್ಲ ಎಂಬ ಪ್ರಶ್ನೆಗಳು ವಿಚಾರಕ್ಕೆ ಬಂದುದು ಕಡಮೆ. ಚರಿತ್ರೆಯ ಈ ಮೂಲೆಗೆ ದೀಪ ಹಿಡಿಯುವುದು ಅವಶ್ಯವೆಂದು ನನಗೆ ತೋರುತ್ತದೆ.

ಸೀಮೆಯ ಸ್ವರೂಪವನ್ನು ಮೊದಲು ನೆನೆಯಬೇಕು. ವಿಜಯನಗರದ ಅರಸರಿಗೆ ದುರ್ಗವಾಗಿ, ಅನಂತರ ಬಿಜಾಪುರದ ಸುಲ್ತಾನರ ಕೈಸೇರಿ, 1800ರಲ್ಲಿ ನಿಜಾಮನು ಬಿಟ್ಟುಕೊಟ್ಟ ದತ್ತಮಂಡಲಗಳೊಡನೆ ಕಂಪೆನಿಯ ಆಳ್ವಿಕೆಗೆ ಬಂದ ಆದವಾನಿಯು ಬಹುಕಾಲ ಬಳ್ಳಾರಿ ಜಿಲ್ಲೆಯ ಅಂಗವಾಗಿದ್ದು, 1953ರ ಅಕ್ಟೋಬರ್ 1ರಂದು ಆಂಧ್ರರಾಜ್ಯವು ಉದಯಿಸಿದಾಗ ಆಲೂರಿನೊಡನೆ ಕರ್ನೂಲು ಜಿಲ್ಲೆಗೆ ಸೇರಿತು. ಕನ್ನಡವೂ ತೆಲುಗೂ ಒಂದೇ ಅಂಗಳದಲ್ಲಿ ಆಡಿಕೊಳ್ಳುವ ಈ ಸೀಮೆಯಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 25 ಅಂಗುಲ ಮಾತ್ರ. ಅದೂ ಒಂದು ವರ್ಷ ಬಂದಂತೆ ಮತ್ತೊಂದು ವರ್ಷ ಬಾರದು. ಉತ್ತರಕ್ಕೆ ತುಂಗಭದ್ರೆಯುಂಟು, ಪಶ್ಚಿಮಕ್ಕೆ ಹಗರಿಯುಂಟು. ಆದರೆ ಹಗರಿಯು ವರ್ಷದ ಬಹುಭಾಗ ಮರಳಿನ ನದಿ. ನಡುವಣ ಊರುಗಳಿಗೆ ಕೆರೆಬಾವಿಗಳೇ ಗತಿ, ಎರೆಭೂಮಿಯ ಬಾವಿಗಳಲ್ಲಿ ಅನೇಕವು ಸವುಳು. ಕೋಸಿಗಿ ಮಂತ್ರಾಲಯಗಳ ಕಡೆಯ ಬಡವರು ಮಳೆ ಕೈಕೊಟ್ಟ ವರ್ಷ ಗಂಟುಮೂಟೆಗಳೊಡನೆ ಗುಂಟೂರು ಕಡೆಗೆ ಕೂಲಿಗೆ ಹೊರಡುವುದು ಇಂದಿಗೂ ನಿಂತಿಲ್ಲ.

ಇಂಥ ಭೂಮಿಯ ಮೇಲೆ ನಡೆದ ಉಗಿ ಎಂಜಿನ್ನು ನೀರಿನ ವಿಷಯದಲ್ಲಿ ಅತಿವ್ಯಯದ ಯಂತ್ರ. ಒಂದು ಪಾಲು ಕಲ್ಲಿದ್ದಲು ಉರಿದರೆ ಏಳು ಪಾಲಿನಷ್ಟು ನೀರು ಉಗಿಯಾಗುವುದು. ಆ ಉಗಿಯು ಸಿಲಿಂಡರಿನೊಳಗೆ ಪಿಸ್ಟನ್ನನ್ನು ಒಂದು ಸಲ ನೂಕಿ, ತನ್ನಲ್ಲಿದ್ದ ಉಷ್ಣದ ಬಹುಭಾಗವನ್ನು ತನ್ನಲ್ಲೇ ಉಳಿಸಿಕೊಂಡು, ಹೊಗೆಯೊಡನೆ ಚಿಮಣಿಯ ಮೂಲಕ ಆಕಾಶಕ್ಕೆ ಹೋಗಿಬಿಡುವುದು. ಇದ್ದಲಿನ ಶಾಖದಲ್ಲಿ ನೂರಕ್ಕೆ ಆರೇಳು ಪಾಲು ಮಾತ್ರ ಎಳೆತದ ಕೆಲಸಕ್ಕೆ ಒದಗುತ್ತಿತ್ತು. ಭಾರವಾದ ಗಾಡಿಯನ್ನೆಳೆಯುವ ದೊಡ್ಡ ಎಂಜಿನ್ನಿಗೆ ಮೈಲಿಗೆ 40 ಗ್ಯಾಲನ್ನಿನ ಆಸುಪಾಸು ನೀರು ಬೇಕೆಂದು ಹಿಡಿದರೆ, ಗುಂತಕಲ್ಲಿನಿಂದ ರಾಯಚೂರಿನವರೆಗಿನ ಸುಮಾರು 75 ಮೈಲಿಗಳ ಪ್ರಯಾಣದಲ್ಲಿ 3000 ಗ್ಯಾಲನ್, ಎಂದರೆ 13,600 ಲೀಟರಿನಷ್ಟು ನೀರು, ಆವಿಯಾಗಿ ಹೋಗುವುದು. ಗ್ರಾಮಗಳ ಕುಡಿಯುವ ನೀರಿನ ಯೋಜನೆಗಳು ತಲೆಗೆ ದಿನವೊಂದಕ್ಕೆ 40 ಲೀಟರಿನಂತೆ ಬಹುಕಾಲ ಲೆಕ್ಕಹಾಕಿದುವು. ಆ ಲೆಕ್ಕದಲ್ಲಿ ಒಂದು ಗಾಡಿಯ ಒಂದು ಸಲದ ಪ್ರಯಾಣವು 340 ಜನರ ಒಂದು ದಿನದ ನೀರು. ಇದ್ದಲನ್ನೂ ನೀರನ್ನೂ ಹೊತ್ತು ಹಿಂದೆ ಬರುವ ಬಂಡಿಯಾದ ಟೆಂಡರಿನಲ್ಲಿ 5000 ಗ್ಯಾಲನ್ ಹಿಡಿಯುವ ಎಂಜಿನ್ನುಗಳು ಬಂದ ಮೇಲೂ ದಾರಿಯುದ್ದಕ್ಕೂ ನೀರಿನ ಸ್ಟೇಷನ್ನುಗಳು ಬೇಕಾದುವು. ಬಾವಿ, ಪಂಪು, ಎತ್ತರದ ತೊಟ್ಟಿ, ಪ್ಲಾಟ್‌ಫಾರಂ ತುದಿಯ ವಾಟರ್ ಕಾಲಂ, ಇವೆಲ್ಲವೂ ಹಳಿಗಳಷ್ಟೇ ಅನಿವಾರ್ಯವಾದ ಅಂಗಗಳಾದುವು.

ಹಾಗಾದರೆ ಹೊರಬಿದ್ದ ಉಗಿಯನ್ನು ತಣಿಸಿ ನೀರಾಗಿಸಿ ಮತ್ತೆ ಬಾಯ್ಲರಿಗೆ ಏಕೆ ಕಳುಹಲಿಲ್ಲ? ಕುದಿಯುವ ಪಾತ್ರೆಯ ಮುಚ್ಚಳವನ್ನೆತ್ತಿದಾಗ ಅದರ ಒಳಮೈಯಿಂದ ತೊಟ್ಟಿಕ್ಕುವ ಹನಿಗಳನ್ನು ಕಂಡ ಯಾರಿಗಾದರೂ ಸಹಜವಾಗಿ ಹೊಳೆಯಬಹುದಾದ ಯೋಚನೆ ಇದು. ಉಗಿಯಂತ್ರದ ಇತಿಹಾಸದಲ್ಲಿ ಈ ಯೋಚನೆಯು ರೈಲಿಗಿಂತಲೂ ಹಳೆಯದು. ಜೇಮ್ಸ್ ವಾಟನು 1765ರಲ್ಲಿ ಕಲ್ಪಿಸಿ 1769ರಲ್ಲಿ ಹಕ್ಕುಪತ್ರ ಪಡೆದ ಪ್ರತ್ಯೇಕ ಸಾಂದ್ರಕವೇ ಅವನ ಯಂತ್ರದ ಜೀವಾಳವಾಗಿತ್ತು. ಗಿರಣಿಗಳ ಸ್ಥಿರಯಂತ್ರಗಳೂ ಸಮುದ್ರದ ಹಡಗುಗಳೂ ಸಾಂದ್ರಕವನ್ನು ಸುಖವಾಗಿ ಬಳಸಿದುವು, ಏಕೆಂದರೆ ಅವುಗಳ ಪಕ್ಕದಲ್ಲಿ ಕೊಳವೋ ಸಮುದ್ರವೋ ತಣ್ಣೀರನ್ನು ಹಿಡಿದು ನಿಂತಿತ್ತು. ರೈಲಿನ ಎಂಜಿನ್ನಿಗೆ ಆ ಸೌಕರ್ಯವಿಲ್ಲ.

ಅದಕ್ಕೂ ಮಿಗಿಲಾದ ಅಡ್ಡಿಯೊಂದಿತ್ತು. 1804ರಲ್ಲಿ ವೇಲ್ಸ್ ನಾಡಿನ ಪೆನಿಡ್ಯಾರೆನ್ನಿನಲ್ಲಿ ರಿಚರ್ಡ್ ಟ್ರೆವಿಥಿಕ್ಕನು ತನ್ನ ಎಂಜಿನ್ನನ್ನು ಹಳಿಯ ಮೇಲೆ ಓಡಿಸಿದಾಗ, ಕೆಲಸ ಮುಗಿಸಿದ ಉಗಿಯನ್ನು ಚಿಮಣಿಯೊಳಕ್ಕೆ ಬಿಟ್ಟರೆ ಬೆಂಕಿಯು ಹೆಚ್ಚು ಪ್ರಜ್ವಲಿಸುವುದನ್ನು ಗಮನಿಸಿದನು. ವೇಗದಿಂದ ಮೇಲಕ್ಕೆ ಚಿಮ್ಮುವ ಉಗಿಯು ಹೊಗೆಯನ್ನು ತನ್ನೊಡನೆ ಸೆಳೆದೊಯ್ಯುತ್ತದೆ. ಹೊಗೆ ಹೋದ ಎಡೆಗೆ ಹೊಸ ಗಾಳಿಯು ಒಲೆಯ ಕಂಬಿಗಳ ಸಂದಿನಿಂದ ಒಳನುಗ್ಗುತ್ತದೆ. ಎಂಜಿನ್ನು ಹೆಚ್ಚು ದುಡಿದಷ್ಟೂ ಉಗಿ ಹೆಚ್ಚು ಚಿಮ್ಮುವುದು, ಚಿಮ್ಮಿದಷ್ಟೂ ಬೆಂಕಿ ಹೆಚ್ಚುವುದು, ಬೆಂಕಿ ಹೆಚ್ಚಿದಷ್ಟೂ ಉಗಿ ಹುಟ್ಟುವುದು. ಯಾವ ಸನ್ನೆಕೋಲಿನ ನೆರವೂ ಇಲ್ಲದೆ ತಾನೇ ತನ್ನನ್ನು ತೂಗಿಕೊಳ್ಳುವ ಈ ವ್ಯವಸ್ಥೆ ಅದ್ಭುತವಾದುದು. ಆದುದರಿಂದ ಆ ಉಗಿಯು ಸಂಪೂರ್ಣ ವ್ಯರ್ಥವೆಂದು ಹೇಳಲಾಗದು. ಅದು ಒಲೆಯ ತಿದಿಯಾಗಿ ಎರಡನೆಯ ಬಾರಿ ದುಡಿಯುತ್ತಿತ್ತು. ಅದನ್ನು ಹಿಡಿದು ನೀರಾಗಿಸಿದರೆ ತಿದಿಯ ಕೆಲಸಕ್ಕೆ ಬೇರೆ ಯಂತ್ರವನ್ನು ಹೂಡಬೇಕಾಗುತ್ತಿತ್ತು.

ಆದರೂ ಹಿಡಿಯುವ ಪ್ರಯತ್ನ ನಡೆಯಿತು. 1863ರಲ್ಲಿ ಲಂಡನ್ನಿನ ನೆಲದಡಿಯಲ್ಲಿ ಮೆಟ್ರೊಪಾಲಿಟನ್ ರೈಲ್ವೆಯು ಆರಂಭವಾದಾಗ ಸುರಂಗದಲ್ಲಿ ಉಗಿ ತುಂಬದಿರಲೆಂದು ಅದನ್ನು ಎಂಜಿನ್ನಿನ ನೀರಿನ ತೊಟ್ಟಿಗಳಿಗೇ ತಿರುಗಿಸುವ ಏರ್ಪಾಡಾಯಿತು. ಮರುವರ್ಷ ಬೇಯರ್ ಪೀಕಾಕ್ ಕಂಪೆನಿಯು ಇದಕ್ಕಾಗಿಯೇ ಎಂಜಿನ್ನುಗಳನ್ನು ಕಟ್ಟಿಕೊಟ್ಟಿತು. ಈ ಉಪಾಯದ ಮಿತಿಯನ್ನು ಸಣ್ಣ ಗಣಿತದಿಂದ ತಿಳಿಯಬಹುದು. ನೂರು ಡಿಗ್ರಿಯ ಒಂದು ಕಿಲೋ ಉಗಿಯು ನೀರಾಗುವಾಗ 540 ಕಿಲೋಕ್ಯಾಲೊರಿ ಉಷ್ಣವನ್ನು ಬಿಡುತ್ತದೆ. 30 ಡಿಗ್ರಿಯ ನೀರು 90 ಡಿಗ್ರಿಗೆ ಏರುವವರೆಗೆ ಅದನ್ನು ಹೀರಿಕೊಳ್ಳಬೇಕಾದರೆ ಒಂದು ಕಿಲೋ ಉಗಿಗೆ ಒಂಬತ್ತು ಕಿಲೋ ತಣ್ಣೀರು ಬೇಕು. ಗುಂತಕಲ್ಲಿನಿಂದ ರಾಯಚೂರಿಗೆ ಹೋಗುವ ನಮ್ಮ ಗಾಡಿಯ 3000 ಗ್ಯಾಲನ್ನನ್ನು ಹೀಗೆ ಉಳಿಸಬೇಕಾದರೆ 27,000 ಗ್ಯಾಲನ್ ತಣ್ಣೀರನ್ನು ಬೆನ್ನಿಗೆ ಕಟ್ಟಿಕೊಂಡು ಹೊರಡಬೇಕು! ಲಂಡನ್ನಿನ ಎಂಜಿನ್ನುಗಳ ತೊಟ್ಟಿಯೂ ಬಹುಬೇಗ ಬಿಸಿಯೇರುತ್ತಿತ್ತು. ಬಿಸಿನೀರನ್ನು ಚೆಲ್ಲಿ ಹೊಸ ನೀರು ತುಂಬಬೇಕಾಗುತ್ತಿತ್ತು. ಅಲ್ಲಿ ನೀರಿನ ಉಳಿತಾಯವು ಗುರಿಯೇ ಆಗಿರಲಿಲ್ಲ.

ನೀರಿಲ್ಲದ ನಾಡಿನಲ್ಲಿ ಉಗಿಯನ್ನು ತಣಿಸುವುದಕ್ಕೆ ಗಾಳಿಯೊಂದೇ ಸಾಧನ. ಈ ಕಠಿಣವಾದ ಮಾರ್ಗವನ್ನು ಜರ್ಮನಿಯ ಹೆನ್‌ಶೆಲ್ ಕಂಪೆನಿಯು ಹಿಡಿದು, 1930ರ ಆಸುಪಾಸಿನಲ್ಲಿ ಅರ್ಜೆಂಟೀನದ ಒಣಪ್ರದೇಶಕ್ಕಾಗಿ ಮೀಟರ್ ಗೇಜಿನ ಸಾಂದ್ರಕ ಎಂಜಿನ್ನೊಂದನ್ನು ನಿರ್ಮಿಸಿತು. ಮಧ್ಯ ಏಷ್ಯದ ಮರುಭೂಮಿಗಳಿಗಾಗಿ ಸೋವಿಯತ್ ರೈಲ್ವೆಯು ಆ ಮಾದರಿಯನ್ನು ಅನುಸರಿಸಿತು; ಎರಡನೆಯ ಮಹಾಯುದ್ಧದಲ್ಲಿ ಜರ್ಮನರು ರಷ್ಯದ ರಣರಂಗಕ್ಕೆಂದು ತಮ್ಮ 52ನೆಯ ವರ್ಗದ ಎಂಜಿನ್ನುಗಳಲ್ಲಿ ಕೆಲವಕ್ಕೆ ಸಾಂದ್ರಕ ಟೆಂಡರನ್ನು ತೊಡಿಸಿದರು. ಈ ವಿದ್ಯೆಯು ಪರಾಕಾಷ್ಠೆಯನ್ನು ಮುಟ್ಟಿದುದು ದಕ್ಷಿಣ ಆಫ್ರಿಕದ ಕರೂ ಎಂಬ ಒಣ ಬಯಲಿನಲ್ಲಿ. 1953ರಿಂದ ಅಲ್ಲಿ 25ನೆಯ ವರ್ಗದ 90 ಎಂಜಿನ್ನುಗಳು ಓಡಿದುವು. ಸಿಲಿಂಡರಿನಿಂದ ಹೊರಟ ಉಗಿಯು ಮೊದಲು ಹೊಗೆಗೂಡಿನ ಬೀಸಣಿಗೆಯನ್ನು ತಿರುಗಿಸುವ ಟರ್ಬೈನಿಗೆ ಹೋಗಿ ತಿದಿಯ ಕೆಲಸವನ್ನು ಮಾಡುವುದು. ಅಲ್ಲಿಂದ ಎಣ್ಣೆಯ ಅಂಶವನ್ನು ಬೇರ್ಪಡಿಸುವ ಪಾತ್ರೆಯನ್ನು ಹಾಯ್ದು, ಎಂಜಿನ್ನಿನಷ್ಟೇ ಉದ್ದವಾದ ಟೆಂಡರನ್ನು ಸೇರಿ, ಅದರ ಇಕ್ಕೆಲಗಳ ಕೊಳವೆಗಳಲ್ಲಿ ಗಾಳಿಯಿಂದ ತಣಿದು ನೀರಾಗಿ, ಪಂಪಿನ ಮೂಲಕ ಬಿಸಿಬಿಸಿಯಾಗಿಯೇ ಬಾಯ್ಲರಿಗೆ ಹಿಂದಿರುಗುವುದು. ನೂರಕ್ಕೆ ಎಂಬತ್ತೈದು ಪಾಲಿಗೂ ಮೀರಿ ನೀರು ಉಳಿಯಿತು. ಉಗಿ ಎಂಜಿನ್ನಿನ ಪರಿಚಿತವಾದ ಛುಕ್ ಛುಕ್ ಶಬ್ದವು ಅದರಲ್ಲಿ ಕೇಳುತ್ತಲೇ ಇರಲಿಲ್ಲವಂತೆ. ಟರ್ಬೈನಿನ ಸಿಳ್ಳು ಮಾತ್ರ ಕೇಳುತ್ತಿತ್ತು.

ಇಲ್ಲಿ ಗಮನಾರ್ಹವಾದ ಸಂಗತಿಯೊಂದಿದೆ. ಆ ಎಂಜಿನ್ನುಗಳಲ್ಲಿ ಬಹುಪಾಲನ್ನು ಕಟ್ಟಿದುದು ಗ್ಲಾಸ್ಗೋ ನಗರದ ನಾರ್ತ್ ಬ್ರಿಟಿಷ್ ಕಂಪೆನಿ. ಭಾರತದ ಸರಕು ಗಾಡಿಗಳಿಗಾಗಿ ಡಬ್ಲ್ಯುಜಿ ವರ್ಗದ ಮೊದಲ ಎಂಜಿನ್ನುಗಳನ್ನು 1950ರಲ್ಲಿ ಕಟ್ಟಿ ಕಳುಹಿದುದೂ ಅದೇ ಕಂಪೆನಿ. ಚಿತ್ತರಂಜನದ ಕಾರ್ಖಾನೆಯ ಚೊಚ್ಚಲ ಎಂಜಿನ್ನಾದ 'ದೇಶಬಂಧು'ವೂ ಅದೇ ವರ್ಗದ್ದು. ಒಟ್ಟು 2450 ಡಬ್ಲ್ಯುಜಿ ಎಂಜಿನ್ನುಗಳು ಈ ದೇಶದ ಅಗಲದಾರಿಗಳಲ್ಲಿ ಹರಡಿಕೊಂಡುವು. ಒಂದೇ ಕಾರ್ಖಾನೆಯಿಂದ, ಹೆಚ್ಚುಕಡಮೆ ಒಂದೇ ಕಾಲದಲ್ಲಿ, ಕರೂ ಬಯಲಿಗೆ ಉಗಿಯನ್ನು ಮರಳಿ ಕುಡಿಯುವ ಎಂಜಿನ್ನೂ ನಮ್ಮ ದೇಶಕ್ಕೆ ಅದನ್ನು ಆಕಾಶಕ್ಕೆ ಬಿಡುವ ಎಂಜಿನ್ನೂ ಹೊರಟುವು. ಪ್ರಯಾಣಿಕರ ಗಾಡಿಗಳಿಗೆಂದು ಬಂದ ಡಬ್ಲ್ಯುಪಿ ವರ್ಗಕ್ಕೂ ಸಾಂದ್ರಕವಿರಲಿಲ್ಲ.

ಇದನ್ನು ಅಧಿಕಾರಿಗಳ ಅಜ್ಞಾನವೆಂದು ತಳ್ಳಿಹಾಕುವುದು ನ್ಯಾಯವಲ್ಲ. ಸಾಂದ್ರಕ ಎಂಜಿನ್ನಿನ ಬೆಲೆ ಹೆಚ್ಚು, ರಿಪೇರಿ ಹೆಚ್ಚು. ಹೊಗೆಯೊಡನೆ ಬರುವ ಕಿಟ್ಟದ ಕಣಗಳು ಬೀಸಣಿಗೆಯ ರೆಕ್ಕೆಗಳನ್ನು ತಿಂದುಹಾಕುತ್ತಿದ್ದುವು. ದಕ್ಷಿಣ ಆಫ್ರಿಕದವರೇ 1970ರ ದಶಕದಲ್ಲಿ ಆ ಟೆಂಡರುಗಳನ್ನು ಮಾರ್ಪಡಿಸಿ, ತಮ್ಮ ಎಂಜಿನ್ನುಗಳನ್ನು ಸಾಮಾನ್ಯ ಎಂಜಿನ್ನುಗಳನ್ನಾಗಿ ಮಾಡಿಕೊಂಡರು. ವೈಶಾಖದ ಬಿಸಿಲಿನಲ್ಲಿ 40 ಡಿಗ್ರಿ ದಾಟುವ ಆದವಾನಿಯ ಗಾಳಿಯು ಉಗಿಯನ್ನು ತಣಿಸುವುದಕ್ಕೆ ಒಳ್ಳೆಯ ಸಾಧನವೂ ಆಗಿರಲಿಲ್ಲ. ಅಲ್ಲದೆ ಕರೂ ಬಯಲಿನಷ್ಟು ನಿರ್ಜಲವಾದ ಭೂಮಿ ಇದಲ್ಲ. ಉತ್ತರದಲ್ಲಿ ತುಂಗಭದ್ರೆಯು ದಾರಿಯನ್ನೇ ಅಡ್ಡಹಾಯುತ್ತದೆ. ಇಷ್ಟನ್ನೆಲ್ಲ ಒಪ್ಪಿದ ಮೇಲೂ ನನ್ನ ಮನಸ್ಸಿಗೆ ಸಮಾಧಾನವಾಗದ ಒಂದು ಅಂಶ ಉಳಿಯುತ್ತದೆ. ರೈಲ್ವೆಯ ಲೆಕ್ಕದಲ್ಲಿ ಇದ್ದಲಿಗೆ ಬೆಲೆಯಿತ್ತು, ಉಕ್ಕಿಗೆ ಬೆಲೆಯಿತ್ತು, ಪಂಪು ನಡೆಸುವವನ ಸಂಬಳಕ್ಕೆ ಬೆಲೆಯಿತ್ತು. ನೆಲದಡಿಯ ನೀರಿಗೆ ಮಾತ್ರ ಬೆಲೆಯಿರಲಿಲ್ಲ. ಎಂಜಿನ್ನಿನ ಬಾವಿಗೂ ಊರಿನ ಬಾವಿಗೂ ಒಂದೇ ಒರತೆ. 1876ರಿಂದ 1878ರವರೆಗಿನ ಮಹಾಕ್ಷಾಮದಲ್ಲಿ ಬಳ್ಳಾರಿ, ಕರ್ನೂಲು, ಕಡಪೆ ಜಿಲ್ಲೆಗಳು ಮದರಾಸು ಪ್ರಾಂತದಲ್ಲಿಯೇ ಅತ್ಯಂತ ದಾರುಣವಾದ ವಿಪತ್ತನ್ನು ಅನುಭವಿಸಿದುವು. ಆಗ ಧಾನ್ಯದ ಗಾಡಿಗಳು ಹೆಚ್ಚುಹೆಚ್ಚಾಗಿ ಓಡಬೇಕಾದ ಕಾಲವೂ ಬಾವಿಗಳು ಬತ್ತುವ ಕಾಲವೂ ಒಂದೇ ಆಗಿತ್ತು. ಧಾನ್ಯವನ್ನು ತಂದ ಉಪಕಾರವು ದೊಡ್ಡದು. ಆ ಉಪಕಾರಕ್ಕೆ ತೆತ್ತ ನೀರನ್ನೂ ಲೆಕ್ಕಕ್ಕೆ ಹಿಡಿಯುವುದು ಇತಿಹಾಸಕಾರನ ಕರ್ತವ್ಯ.

ಮರಳಿ ಬಂದ ಉಗಿಗೆ ಮತ್ತೊಂದು ಗುಣವಿತ್ತು, ಅದು ಈ ಸೀಮೆಗೆ ವಿಶೇಷವಾಗಿ ಹಿತವಾಗುತ್ತಿತ್ತು. ಬಟ್ಟಿಯಿಳಿದ ನೀರಿನಲ್ಲಿ ಸುಣ್ಣವಿಲ್ಲ, ಉಪ್ಪಿಲ್ಲ. ಸವುಳು ನೀರನ್ನು ಕುದಿಸಿದ ಬಾಯ್ಲರಿನ ಕೊಳವೆಗಳಿಗೆ ಕಲ್ಲಿನಂಥ ಹಕ್ಕಳೆ ಕಟ್ಟಿಕೊಳ್ಳುವುದು. ಉಷ್ಣವು ಒಳಗೆ ಇಳಿಯದೆ ಇದ್ದಲು ವ್ಯರ್ಥವಾಗುವುದು. ತಗಡು ಕಾದು ದುರ್ಬಲವಾಗುವುದು. ಆದುದರಿಂದ ಎಂಜಿನ್ನನ್ನು ಆಗಾಗ ಲೋಕೋ ಶೆಡ್ಡಿನಲ್ಲಿ ಆರಿಸಿ ನಿಲ್ಲಿಸಿ, ಬಾಯ್ಲರನ್ನು ಬರಿದುಮಾಡಿ, ಒತ್ತಡದ ನೀರು ಹಾಯಿಸಿ, ಉದ್ದನೆಯ ಸಲಾಕೆಗಳಿಂದ ಕೆರೆದು ತೊಳೆಯಬೇಕಾಗುತ್ತಿತ್ತು. ವಾಷ್‌ಔಟ್ ಎಂದು ಕರೆಯುವ ಈ ಕೆಲಸವನ್ನು ಕಾವು ಆರದ ಕಬ್ಬಿಣದ ನಡುವೆ ಮಾಡಿದ ಖಲಾಸಿಗಳ ಶ್ರಮವನ್ನು ಯಾವ ವರದಿಯೂ ತಕ್ಕಷ್ಟು ಎತ್ತಿಹೇಳಿಲ್ಲ. ಅಗಲದಾರಿಯೂ ಮೀಟರ್ ಗೇಜೂ ಕೂಡುತ್ತಿದ್ದ ಗುಂತಕಲ್ಲು ಎರಡು ಬಗೆಯ ಎಂಜಿನ್ನುಗಳಿಗೂ ಆಸರೆಯಾಗಿ, ಈ ದುಡಿಮೆಗಾರರಿಂದಲೇ ದೊಡ್ಡ ಊರಾಗಿ ಬೆಳೆಯಿತು. ಹೊರಹೋಗುವ ಉಗಿಯ ಒಂದು ಅಂಶದಿಂದ ಬಾಯ್ಲರಿಗೆ ಹೋಗುವ ನೀರನ್ನು ಕಾಯಿಸಿಕೊಳ್ಳುವ ಮಧ್ಯಮಮಾರ್ಗವೂ ಉಂಟು. ಅದರಿಂದ ಉಗಿಯ ಎಂಟರಲ್ಲೊಂದು ಪಾಲು ಹಿಂದಿರುಗುವುದು, ಇದ್ದಲೂ ಆ ಪ್ರಮಾಣದಲ್ಲಿ ಉಳಿಯುವುದು. ಪೂರ್ಣ ಸಾಂದ್ರಕವು ದುಬಾರಿಯಾದ ಕಡೆಯಲ್ಲಿ ಇದನ್ನು ಇನ್ನಷ್ಟು ಶ್ರದ್ಧೆಯಿಂದ ಅನುಸರಿಸಬಹುದಾಗಿತ್ತೆಂಬುದು ನನ್ನ ಅಭಿಪ್ರಾಯ.

ಕೊನೆಗೆ ಪ್ರಶ್ನೆಯನ್ನು ಬಿಡಿಸಿದುದು ಸಾಂದ್ರಕವಲ್ಲ, ಡೀಸೆಲ್. 1962ರಲ್ಲಿ ಡಬ್ಲ್ಯುಡಿಎಂ-2 ಎಂಜಿನ್ನುಗಳು ಅಮೆರಿಕದಿಂದ ಈ ದೇಶಕ್ಕೆ ಬಂದುವು. ಗುತ್ತಿಯಲ್ಲಿ ಡೀಸೆಲ್ ಶೆಡ್ಡು ನೆಲೆಯೂರಿತು. 1995ರಲ್ಲಿ ಭಾರತದ ಅಗಲದಾರಿಗಳಲ್ಲಿ ಉಗಿಯ ಸಂಚಾರವೇ ಮುಗಿಯಿತು. ಇತ್ತ ರಾಯಚೂರಿನ ಆಚೆ, ಇದೇ ರೈಲುದಾರಿಯು ಕೃಷ್ಣೆಯನ್ನು ದಾಟುವ ಎಡೆಗೆ ಹತ್ತಿರದ ಶಕ್ತಿನಗರದಲ್ಲಿ, 1985ರಲ್ಲಿ ಮೊದಲ ಘಟಕವನ್ನು ಆರಂಭಿಸಿದ ಶಾಖೋತ್ಪನ್ನ ವಿದ್ಯುತ್ ಕೇಂದ್ರವು ನದಿಯ ಪಕ್ಕದಲ್ಲಿ ನಿಂತು, ಟರ್ಬೈನಿನಿಂದ ಹೊರಟ ಉಗಿಯನ್ನು ಸಾಂದ್ರಕದಲ್ಲಿ ನೀರಾಗಿಸಿ ಮತ್ತೆ ಬಾಯ್ಲರಿಗೆ ಕಳುಹುತ್ತಿದೆ. ಚಲಿಸುವ ಎಂಜಿನ್ನಿಗೆ ಒಗ್ಗದೆ ಹೋದ ವಾಟನ ಉಪಾಯವು ಸ್ಥಿರವಾದ ಯಂತ್ರದಲ್ಲಿ ಇಂದಿಗೂ ನಿತ್ಯದ ನಿಯಮ.

ಉಗಿಯ ಕಾಲದಲ್ಲಿ ಫೈರ್‌ಮನ್ನರಾಗಿ, ಪಂಪು ನಡೆಸುವವರಾಗಿ, ಖಲಾಸಿಗಳಾಗಿ ದುಡಿದ ಹಿರಿಯರು ಗುಂತಕಲ್ಲು, ಗುತ್ತಿ, ಆದವಾನಿ, ರಾಯಚೂರುಗಳಲ್ಲಿ ಇನ್ನೂ ಕೆಲವರು ನಮ್ಮೊಡನಿದ್ದಾರೆ. ಯಾವ ಬಾವಿಯ ನೀರು ಬಾಯ್ಲರಿಗೆ ಒಳ್ಳೆಯದು, ಯಾವುದು ನೊರೆಯೇಳುವುದು, ಬೇಸಿಗೆಯಲ್ಲಿ ಎಲ್ಲಿ ನೀರು ಸಿಗುತ್ತಿತ್ತು ಎಂಬುದೆಲ್ಲ ಅವರ ಕೈಗಳಿಗೂ ನೆನಪಿಗೂ ಗೊತ್ತು. ಈ ಸೀಮೆಯ ಕನ್ನಡ ಶಾಲೆಗಳ ಉಪಾಧ್ಯಾಯರೂ ಕಾಲೇಜಿನ ವಿದ್ಯಾರ್ಥಿಗಳೂ ಅವರ ಬಳಿ ಕುಳಿತು, ಕನ್ನಡದಲ್ಲಾಗಲಿ ತೆಲುಗಿನಲ್ಲಾಗಲಿ, ಅವರು ಹೇಳಿದುದನ್ನು ಹೇಳಿದಂತೆಯೇ ಬರೆದಿಡಲಿ. ಸ್ಟೇಷನ್ನುಗಳಲ್ಲಿ ಹಳೆಯ ಬಾವಿ, ತೊಟ್ಟಿ, ವಾಟರ್ ಕಾಲಂಗಳು ಎಲ್ಲಿ ಉಳಿದಿದ್ದರೂ ಅವನ್ನು ಕೀಳುವ ಮೊದಲು ಅಳೆದು ಚಿತ್ರ ತೆಗೆದಿಡಲಿ.